ನಾಲ್ಕೂವರೆ ಕೋಣೆ

ಲಾಂಸ್-ಗ್ರೀಸ್
18 ಜೂನ್ 2000

ಜಿನೆಟ್,

ತಲುಪಿದೆ. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಆಮೇಲೆ ಹಡಗಿನಲ್ಲಿ ಇನ್ನೊಂದು ಹಗಲು. ರಸ್ತೆ ಇನ್ನೂ ಇಲ್ಲಿಯವರೆಗೆ ಬಂದಿಲ್ಲ. ಹಿಟ್ಟು, ಮೊಟ್ಟೆ, ಟಪಾಲು, ನಾನು, ಎಲ್ಲವೂ ವಾರಕ್ಕೊಮ್ಮೆ ಬರುವ ಅದೇ ಹಡಗಿನಲ್ಲಿ. ನೊಯೆಲ್ಲಾ ಬಂದರಿನ ಧಕ್ಕೆಯ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತು ಕಾಯುತ್ತಿದ್ದಳು. ಸೊಂಟ ಮುರಿದುಕೊಂಡ ಅಕ್ಕ ತಂಗಿಯನ್ನು ನೋಡಿ ಆಡಿದ ಮೊದಲ ಮಾತು: "ಬಂದ್ಯಾ? ಸೀಗಡಿ ಬಿಡಿಸೋಕೆ ಬರುತ್ತೋ, ಮದುವೆ ಬಟ್ಟೆ ಹೊಲಿದೂ ಹೊಲಿದೂ ಅದೂ ಮರೆತುಹೋಯ್ತೋ?" ಮರುದಿನ ಬೆಳಗ್ಗೆ ಆರು ಗಂಟೆಗೆ ಅವಳ ಕ್ಯಾಂಟೀನಿನಲ್ಲಿ ಸೀಗಡಿ ಬಿಡಿಸುತ್ತಿದ್ದೆ.

ಇಲ್ಲಿಂದ ಫೋನು ಮಾಡುವುದಿಲ್ಲ. ಇರುವ ಒಂದು ಫೋನು ಕ್ಯಾಂಟೀನಿನ ಗಲ್ಲಾದ ಪಕ್ಕದಲ್ಲಿದೆ. ಅದರಲ್ಲಿ ಮಾತಾಡಿದರೆ ಊರಿನವರು ಮಧ್ಯೆ ಮಧ್ಯೆ ಸಲಹೆ ಕೊಡುತ್ತಾರೆ. ಹಾಗಾಗಿ ಕಾಗದವೇ.

ಮನೆಯ ಬಗ್ಗೆ. ಒಲೆಯ ಹಿಂದಿನ ಎಡಗಡೆಯ ಬರ್ನರ್ ಹೊತ್ತಿಕೊಳ್ಳುವುದಕ್ಕೆ ತಡ ಮಾಡುತ್ತದೆ, ಬೈಯಬೇಡ, ಕಾಯಿ. ಕೆಳಗಿನ ಟಪಾಲು ಪೆಟ್ಟಿಗೆಯ ಮೇಲಿನ ನನ್ನ ಹೆಸರು ಹಾಗೆಯೇ ಇರಲಿ. ಹೊಲಿಗೆ ಯಂತ್ರದ ಮೇಲೆ ಏನಾದರೂ ಇಟ್ಟುಕೋ, ಅದಕ್ಕೆ ಬೇಜಾರಿಲ್ಲ.

ಒಂದು ವಿಷಯ ಮಾತ್ರ ಹಡಗಿನುದ್ದಕ್ಕೂ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ನೀನು ಎರಡು ಫಾರಂ ಇಟ್ಟಿದ್ದೆ, ಒಂದು ಒಳಬಾಡಿಗೆಯದು, ಇನ್ನೊಂದು ಕರಾರನ್ನೇ ನಿನ್ನ ಹೆಸರಿಗೆ ವರ್ಗಾಯಿಸುವುದು. ಒಳಬಾಡಿಗೆ ಒಂದು ವರ್ಷ ದಾಟಿದರೆ ಮನೆ ಮಾಲೀಕ ಕರಾರನ್ನು ಮುಗಿಸಬಹುದು, ಅಕ್ಕನ ಸೊಂಟ ಎಷ್ಟು ದಿನ ಹಿಡಿಯುತ್ತದೋ ಯಾರಿಗೆ ಗೊತ್ತು, ವರ್ಗಾವಣೆಯೇ ಕ್ಷೇಮ ಎಂದು ನೀನು ಹೇಳಿದೆ. "ನೀನು ಬಂದ ದಿನ ನಾನು ವಾಪಸ್ ನಿನ್ನ ಹೆಸರಿಗೆ ಬರ್ಕೊಡ್ತೀನಿ, ಇಷ್ಟೇ ತಾನೆ?" ಎಂದೂ ಹೇಳಿದೆ. ನಾನು ಸಹಿ ಮಾಡಿದೆ. ನಿನ್ನ ಮಾತಿನ ಮೇಲೆ ಅನುಮಾನವಿಲ್ಲ. ಆದರೆ ಮಾಲೀಕ ಮೆದೈರೋಸ್ ಅವರಿಗೆ ನಾನು ಹಿಂದಿರುಗುವ ವಿಷಯ ಹೇಳಬಾರದು, ಹೇಳಿದರೆ ವರ್ಗಾವಣೆಗೆ ಅಡ್ಡ ಬರುತ್ತಾರೆ ಎಂದೂ ಹೇಳಿದ್ದೆಯಲ್ಲ. ಅವರ ಮುಂದೆ ನಿಂತು "ಊರಿಗೇ ಹೋಗ್ತಿದೀನಿ" ಎನ್ನುವಾಗ ಮುಖ ನೋಡಲಾಗಲಿಲ್ಲ. ಹತ್ತೊಂಬತ್ತು ವರ್ಷ ಅವರ ಮನೆಯಲ್ಲಿ ಇದ್ದವಳು ನಾನು.

ಸೋಮವಾರದ ಈಜು ತಪ್ಪಿಸಬೇಡ. ನನ್ನ ಪಾಲಿನ ಎರಡು ಸುತ್ತು ನೀನೇ ಹೊಡೆ.

ನಿನ್ನ
ಒಡೆಟ್


ಮಾಂಟ್ರಿಯಲ್
24 ಜುಲೈ 2000

ಒಡೆಟ್, ನನ್ನ ಚಿನ್ನವೇ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಅಕ್ಕ ತಂಗಿ ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ! ಆ ಊರಿನ ಗಿರಾಕಿಗಳ ಗತಿ ಏನು ಮಾರಾಯ್ತಿ?

ಬೆನುವಾನ ಮನೆಯಿಂದ ಹೊರಟ ಮೇಲೆ ನಾನು ಇಷ್ಟು ಚೆನ್ನಾಗಿ ನಿದ್ದೆ ಮಾಡಿರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರವನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿಕೊಂಡು ನಿನ್ನ ಮೆಟ್ಟಿಲು ಹತ್ತಿದ ದಿನ ನೀನು ಏನೂ ಕೇಳದೆ ಬಟಾಣಿ ಸಾರು ಬಡಿಸಿದೆ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಇಲ್ಲಿ ಬೇಸಿಗೆ ಜೋರು. ಪಕ್ಕದ ಸ್ಯಾಂ-ಲೋರಾಂ ಬೀದಿಯಲ್ಲಿ ವಾಹನ ನಿಲ್ಲಿಸಿ ತಳ್ಳುಗಾಡಿ ಸಂತೆ ಮಾಡಿದಾಗ ನಮ್ಮ ಮೆಟ್ಟಿಲಿನ ತುದಿಯವರೆಗೂ ಜನ. ಒಬ್ಬ ನಮ್ಮ ಮೂರನೇ ಮೆಟ್ಟಿಲ ಮೇಲೆ ಕುಳಿತು ಜೋಳ ತಿನ್ನುತ್ತಿದ್ದ. "ಏನ್ರೀ, ಬಾಡಿಗೆ ಕೊಡ್ತೀರಾ?" ಅಂದೆ. "ಜೋಳ ಕೊಡ್ತೀನಿ" ಅಂದ. ಕೊಟ್ಟ ಕೂಡ.

ಆಸ್ಪತ್ರೆಯ ಅಡುಗೆಮನೆಯಿಂದ ನಡೆದು ಬಂದರೆ ಇಪ್ಪತ್ತೇ ನಿಮಿಷ. ಮೊದಲು ಮೂರು ಬಸ್ಸು ಬದಲಾಯಿಸುತ್ತಿದ್ದೆ. ಈ ಮನೆ ಎಷ್ಟು ನಡುಮಧ್ಯದಲ್ಲಿದೆ ಅನ್ನೋದು ಇರುವವರಿಗೇ ಗೊತ್ತು.

ಮುಂದಿನ ಕೋಣೆಯ ಪರದೆಗಳನ್ನು ಒಗೆಯಲು ತೆಗೆದೆ. ಹಳೆಯವು, ಪಾಪ, ನೀರಿನಲ್ಲೇ ಹರಿದುಹೋದವು. ಬಿಳಿಯವು ಹಾಕಿದ್ದೇನೆ. ಬೆಳಕು ಚೆನ್ನಾಗಿ ಬರುತ್ತದೆ. ಕೋಪ ಇಲ್ಲ ತಾನೇ?

ನೊಯೆಲ್ಲಾಗೆ ಹೇಳು, ಅವಳ ಸೊಂಟಕ್ಕಾಗಿ ನಾನೂ ಮೇಣದಬತ್ತಿ ಹಚ್ಚಿದ್ದೇನೆ. ಅವಸರವಿಲ್ಲ, ನಿಧಾನವಾಗಿ ಗುಣವಾಗಲಿ.

ನಿನ್ನ ಋಣಿ,
ಜಿನೆಟ್


ಲಾಂಸ್-ಗ್ರೀಸ್
5 ನವೆಂಬರ್ 2000

ಜಿನೆಟ್,

ಸೆಪ್ಟೆಂಬರಿನಲ್ಲಿ ಬರೆದ ಕಾಗದ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಬರೆಯುತ್ತಿದ್ದೇನೆ.

ನೊಯೆಲ್ಲಾಗೆ ಎರಡನೇ ಸಲ ಶಸ್ತ್ರಚಿಕಿತ್ಸೆಯಾಯಿತು. ವಿಮಾನದಲ್ಲಿ ಸೆತ್-ಈಲ್‌ಗೆ ಕರೆದುಕೊಂಡು ಹೋಗಿ ಬಂದೆವು. ವಸಂತದವರೆಗೂ ನಾನು ಇಲ್ಲಿಯೇ. ಮೇ ತಿಂಗಳಿಗೆ ಅವಳ ಮಗ ದೋಣಿಯ ಕೆಲಸ ಬಿಟ್ಟು ಕ್ಯಾಂಟೀನು ವಹಿಸಿಕೊಳ್ಳುತ್ತಾನೆ. ಮದುವೆ ಬಟ್ಟೆ ಅಂಗಡಿಯ ಯಜಮಾನಿ ನನ್ನ ಜಾಗವನ್ನು ಜುಲೈವರೆಗೆ ಕಾದಿಡುವುದಾಗಿ ಬರೆದಿದ್ದಾಳೆ. ಮದುವೆಗಳು ಬೇಸಿಗೆಯಲ್ಲೇ ಅಲ್ಲವೇ.

ಪರದೆಗಳ ವಿಷಯ ಪರವಾಗಿಲ್ಲ. ಅವು ಅಷ್ಟು ಹಳೆಯವು ಎಂದು ನನಗೆ ಅನ್ನಿಸಿರಲಿಲ್ಲ. ಹೋಗಲಿ.

ಇನ್ನೊಂದು. ಅಂಗಡಿಯವಳ ಕಾಗದ ಮೊದಲು ಸ್ಯಾಂ-ದೊಮಿನೀಕ್ ಬೀದಿಯ ನಮ್ಮ ಮನೆಗೆ ಬಂದು, ಅಲ್ಲಿಂದ "ಈ ಹೆಸರಿನವರು ಇಲ್ಲಿಲ್ಲ" ಎಂದು ವಾಪಸಾಗಿ, ಆಮೇಲೆ ಯಾರನ್ನೋ ಕೇಳಿ ಇಲ್ಲಿಗೆ ಕಳಿಸಿದ್ದಂತೆ. ಪೆಟ್ಟಿಗೆಯ ಮೇಲಿನ ಹೆಸರು ಬಿದ್ದುಹೋಗಿದೆಯೇ? ಒಂದು ಚೀಟಿ ಬರೆದು ಅಂಟಿಸಿಬಿಡು. "ಇಲ್ಲಿಲ್ಲ" ಎಂದು ಲಕೋಟೆಯ ಮೇಲೆ ಬರೆದ ಅಕ್ಷರ ಟಪಾಲಿನವನದೇ ಇರಬೇಕು.

ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ಆ ಹೊತ್ತಿಗೆ ನಮ್ಮ ಬೀದಿಯ ಅಂಗಡಿಗಳಲ್ಲಿ ದೀಪ ಹೊತ್ತಿಕೊಳ್ಳುವುದು, ಕೆಳಗೆ ಯಾರೋ ಯಾರಿಗೋ ಪೋರ್ಚುಗೀಸಿನಲ್ಲಿ ಬೈಯುವುದು, ಅದು ಕೇಳದೆ ಕಿವಿಗೆ ಏನೋ ಕಡಿಮೆ.

ನಿನ್ನ
ಒಡೆಟ್


ಮಾಂಟ್ರಿಯಲ್
2 ಮಾರ್ಚ್ 2001

ಪ್ರಿಯ ಒಡೆಟ್,

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ಆಸ್ಪತ್ರೆಯಲ್ಲಿ ಇಬ್ಬರು ರಜೆ, ನನ್ನ ತಲೆ ನನ್ನದಲ್ಲ. ಹೌದು, ಆ ಹೆಸರಿನ ಚೀಟಿ ಹಿಮದಲ್ಲಿ ಹೋಯಿತು.

ಮುಖ್ಯ ವಿಷಯ. ಮುಂದಿನ ವರ್ಷದ ಕರಾರಿನ ನೋಟಿಸು ಬಂತು. ಬಾಡಿಗೆ ನಾನೂರ ಎರಡು ಆಗುತ್ತದಂತೆ. ಒಪ್ಪಿ ಸಹಿ ಮಾಡಿ ಕೊಟ್ಟೆ. ಇಲ್ಲದಿದ್ದರೆ ಮನೆಯೇ ಕೈತಪ್ಪುತ್ತಿತ್ತು. ಈಗ ಊರಿನಲ್ಲಿ ಏನಾಗುತ್ತಿದೆ ನಿನಗೆ ಗೊತ್ತಿಲ್ಲ. ಪಕ್ಕದ ಕಟ್ಟಡದಲ್ಲಿ ಇಂಥದೇ ನಾಲ್ಕೂವರೆಗೆ ಎಂಟುನೂರು ಕೇಳುತ್ತಿದ್ದಾರೆ. ಅದೂ ಆ ಅರೆ ಕೋಣೆ, ಅಂದರೆ ಬಚ್ಚಲು, ನಮ್ಮದರ ಕಾಲು ಭಾಗವೂ ಇಲ್ಲ. ನೋಡಲು ಮೆಟ್ಟಿಲಿನ ಮೇಲೆ ಮೂವತ್ತು ಜನ ಸಾಲು ನಿಂತಿದ್ದರು, ಒಬ್ಬಳು ಮಗುವಿಗೆ ಅಲ್ಲೇ ಹಾಲು ಕುಡಿಸುತ್ತಿದ್ದಳು.

ಅಡುಗೆಮನೆಗೆ ಬಣ್ಣ ಹೊಡೆಸಿದೆ, ಹಳದಿ. ನಿನ್ನ ಹೊಲಿಗೆ ಯಂತ್ರವನ್ನು ನೆಲಮಾಳಿಗೆಯಲ್ಲಿ ಇಟ್ಟಿದ್ದೇನೆ, ಮೇಲೆ ಪ್ಲಾಸ್ಟಿಕ್ ಹೊದಿಸಿ. ಜಾಗ ಬೇಕಿತ್ತು, ಅದಕ್ಕೆ.

ಕರೀನ್ ಬಸುರಿ. ನಾನು ಅಜ್ಜಿಯಾಗುತ್ತಿದ್ದೇನೆ ಕಣೇ. ಅವಳು ಗಾತಿನೋದಲ್ಲಿ, ನಾನಿಲ್ಲಿ. ಅದೊಂದೇ ಸಂಕಟ.

ನೊಯೆಲ್ಲಾ ಈಗ ನಡೆಯುತ್ತಾಳಾ? ನೀನು ಅಲ್ಲಿಗೆ ಚೆನ್ನಾಗಿ ಹೊಂದಿಕೊಂಡಿದ್ದೀಯ ಅನ್ನಿಸುತ್ತದೆ.

ಜಿನೆಟ್


ಲಾಂಸ್-ಗ್ರೀಸ್
22 ಏಪ್ರಿಲ್ 2001

ಜಿನೆಟ್,

ನೊಯೆಲ್ಲಾ ನಡೆಯುತ್ತಾಳೆ. ಕೋಲು ಹಿಡಿದು, ಆ ಕೋಲನ್ನೇ ಜನರಿಗೆ ತೋರಿಸಿ ಗದರುತ್ತಾ. ನಾನು ಜೂನ್ ಕೊನೆಯ ವಾರ ಹೊರಡುತ್ತೇನೆ. ಎಲ್ಲರ ಕರಾರೂ ಮೂವತ್ತಕ್ಕೆ ಮುಗಿದು ಮರುದಿನ ಊರೆಲ್ಲ ಮನೆ ಬದಲಾಯಿಸುವ ಹೊತ್ತಿಗೆ ನಾನೂ ಬಂದರೆ ಸರಿಯಾಗುತ್ತದೆ.

ಈಗಲೇ ವರ್ಗಾವಣೆಯ ಫಾರಂ ತಂದು ನಿನ್ನ ಸಹಿ ಹಾಕಿ ಕಳಿಸು. ಮೆದೈರೋಸ್ ಅವರಿಗೆ ಹದಿನೈದು ದಿನದ ನೋಟಿಸು ಕೊಡಬೇಕಲ್ಲ. ಹಡಗು ಗುರುವಾರ ಬರುತ್ತದೆ, ಅದನ್ನು ಲೆಕ್ಕಕ್ಕಿಟ್ಟುಕೋ.

ನೀನು ಎಲ್ಲಿಗೆ ಹೋಗುವುದು ಎಂದೂ ಯೋಚಿಸಿದ್ದೇನೆ. ಬೇರೆ ಮನೆ ಸಿಗುವವರೆಗೆ ಹಿಂದಿನ ಕೋಣೆ ನಿನ್ನದೇ. ತಿಂಗಳೋ ಆರು ತಿಂಗಳೋ. ಇಬ್ಬರಿಗೂ ಆಗುವಷ್ಟು ದೊಡ್ಡದಿದೆ ಮನೆ.

"ಚೆನ್ನಾಗಿ ಹೊಂದಿಕೊಂಡಿದ್ದೀಯ" ಎಂದು ಬರೆದಿದ್ದೀಯ. ಹಾಗೆಂದು ನಾನು ಎಲ್ಲಿಯೂ ಹೇಳಿದ ನೆನಪಿಲ್ಲ.

ಮೊಮ್ಮಗುವಿಗೆ ಸಣ್ಣ ಹೊದಿಕೆ ಹೊಲಿಯುತ್ತಿದ್ದೇನೆ, ಕೈಯಲ್ಲೇ.

ನಿನ್ನ
ಒಡೆಟ್


ಲಾಂಸ್-ಗ್ರೀಸ್
17 ಮೇ 2001

ಜಿನೆಟ್,

ಮೂರು ಗುರುವಾರ ಕಳೆದವು. ಕ್ಯಾಂಟೀನಿನಿಂದಲೇ ಎರಡು ಸಲ ಫೋನು ಮಾಡಿದೆ, ಊರೆಲ್ಲ ಕೇಳಲಿ ಎಂದು. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ನೀನು ಹುಷಾರಾಗಿದ್ದೀಯ ತಾನೇ?

ಒಂದು ಸಾಲು ಬರೆ.

ಒಡೆಟ್


ಮಾಂಟ್ರಿಯಲ್
4 ಜೂನ್ 2001

(ಮೇಡಂ, ನಾನು ಮೆದೈರೋಸ್ ಅವರ ಮೊಮ್ಮಗಳು ಲೀದಿಯಾ. ತಾತ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕಂತೆ.)

ಮೇಡಂ ಕೊರ್ಮಿಯೆ,

ನಿಮ್ಮ ಕಾಗದ ಬಂತು. ಎರಡು ಸಲ ಓದಿಸ್ಕೊಂಡೆ. ಮೊದಲನೇ ಸಲ ನನಗೆ ನಂಬೋಕೆ ಆಗ್ಲಿಲ್ಲ.

ಹತ್ತೊಂಬತ್ತು ವರ್ಷ ನನ್ನ ತಲೆ ಮೇಲಿನ ಮಹಡಿಯಲ್ಲಿ ನಡೆದಾಡಿದೀರಿ. ನಿಮ್ಮ ಹೊಲಿಗೆ ಯಂತ್ರದ ಸದ್ದು ನಿಂತ್ರೆ ನನ್ನ ಹೆಂಡತಿ "ಇವತ್ತು ಅವಳಿಗೆ ಜ್ವರ" ಅಂತ ಸಾರು ಕಳಿಸ್ತಿದ್ಲು. ಅಂಥವರು ಹೋಗುವಾಗ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋದ್ರಿ. ನನಗೆ ಬೇಜಾರಾಯ್ತು. ನಮ್ಮಿಂದ ಏನೋ ತಪ್ಪಾಗಿದೆ ಅನ್ಕೊಂಡೆ.

ನಿಮ್ಮ ಗೆಳತಿ ಮೇಡಂ ಲಪಾಲ್ಮ್ ಹೋದ ಚಳಿಗಾಲದಲ್ಲಿ ನನಗೆ ಹೇಳಿದ್ದು ಬೇರೆ. "ಒಡೆಟ್‌ಗೆ ಕಡಲ ಗಾಳಿ ಹಿಡಿಸಿಬಿಟ್ಟಿದೆ, ಇನ್ನು ಈ ಗಲಾಟೆ ಊರಿಗೆ ಬರಲ್ಲ ಅಂತಾಳೆ" ಅಂದ್ರು. ಮಗಳು ಅಳಿಯ ಬಂದು ಇರ್ತಾರೆ, ಆಗಬಹುದಾ ಅಂತಲೂ ಆಗಲೇ ಕೇಳಿದ್ರು. ಫೆಬ್ರವರಿ ಇರಬೇಕು. ಆಗಲಿ ಅಂದೆ.

ಈಗ ನಾನೇನು ಮಾಡ್ಲಿ? ಕರಾರು ಅವರ ಹೆಸರಲ್ಲಿದೆ. ಮಗ ಬಾಡಿಗೆ ಮಂಡಳಿಗೆ ಫೋನ್ ಮಾಡಿ ಕೇಳ್ದ. ವರ್ಗಾವಣೆ ಅಂದ್ರೆ ಪೂರ್ತಿ ಬಿಟ್ಟುಕೊಟ್ಟ ಹಾಗೆ, ವಾಪಸ್ ಬರುವ ಮಾತು ಕಾಗದದಲ್ಲಿ ಇಲ್ಲ, ಇಬ್ಬರ ನಡುವಿನ ಬಾಯಿಮಾತಿನ ಮಧ್ಯೆ ಮಾಲೀಕ ಬರೋಕೆ ಆಗಲ್ಲ ಅಂದ್ರಂತೆ.

ನಿಮಗೆ ನೋವಾಗುತ್ತೆ, ಆದ್ರೂ ಹೇಳ್ತೀನಿ. ಅವತ್ತು ನೀವು ಕೆಳಗಿಳಿದು ಬಂದು "ಅಕ್ಕನಿಗೆ ಹುಷಾರಿಲ್ಲ, ಒಂದು ವರ್ಷವೋ ಎರಡು ವರ್ಷವೋ ಗೊತ್ತಿಲ್ಲ, ಅಷ್ಟು ದಿನ ಗೆಳತಿ ಇರ್ತಾಳೆ" ಅಂದಿದ್ರೆ, ಹೋಗಿ ಬನ್ನಿ ಅಂತಿದ್ದೆ. ಯಾವ ಫಾರಮ್ಮೂ ಬೇಕಿರ್ಲಿಲ್ಲ. ನನ್ನನ್ನ ಯಾಕೆ ಕೇಳ್ಲಿಲ್ಲ ನೀವು?

ನಿಮ್ಮ ಯಂತ್ರ ನೆಲಮಾಳಿಗೆಯಲ್ಲಿ ಒದ್ದೆ ಗೋಡೆಗೆ ಒರಗಿಸಿಟ್ಟಿತ್ತು. ನಾನು ತಂದು ನನ್ನ ಮನೆಯಲ್ಲಿ ಇಟ್ಕೊಂಡಿದೀನಿ.

ಆಂಟೋನಿಯೋ ಮೆದೈರೋಸ್


ಮಾಂಟ್ರಿಯಲ್
11 ಜೂನ್ 2001

ಒಡೆಟ್,

ನೀನು ಮೆದೈರೋಸ್‌ಗೆ ಬರೆದೆಯಂತೆ. ಮುದುಕ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, ಇಡೀ ಬೀದಿಗೆ ಕೇಳುವ ಹಾಗೆ, "ನಿಮಗೆ ರಾತ್ರಿ ನಿದ್ದೆ ಬರುತ್ತಾ ಮೇಡಂ?" ಅಂದ. ಅದನ್ನು ಮಾಡಿಸಬೇಕಿತ್ತೇ ನೀನು?

ನಿನ್ನ ಎರಡೂ ಕಾಗದ ಬಂದಿವೆ. ಉತ್ತರ ಬರೆದು ಬರೆದು ಹರಿದೆ.

ಕರೀನ್ ಇದ್ದ ಕಟ್ಟಡ ಮಾರಾಟವಾಯಿತು. ಅವಳ ಗಂಡನಿಗೆ ಕೆಲಸ ಇರುವುದು ಇಲ್ಲಿ. ಏಳು ತಿಂಗಳ ಬಸುರಿ ಮೂವತ್ತು ಜನರ ಸಾಲಿನಲ್ಲಿ ನಿಂತು ಮನೆ ಹುಡುಕಲೇ? ಮಗು ಬರುತ್ತದೆ ಎಂದರೆ ಬಾಗಿಲು ಮುಚ್ಚುತ್ತಾರೆ. ನಾನು ಅವಳ ತಾಯಿ. ನೀನು ತಾಯಿಯಲ್ಲ, ನಿನಗೆ ತಿಳಿಯುವುದಿಲ್ಲ ಎನ್ನಲಾರೆ, ಆದರೆ ಯೋಚಿಸು.

ನಿನಗೆ ಅಲ್ಲಿ ಅಕ್ಕ ಇದ್ದಾಳೆ, ಮನೆ ಇದೆ, ಕಡಲಿದೆ. ಒಬ್ಬಳಿಗೆ ನಾಲ್ಕೂವರೆ ಕೋಣೆ ಯಾಕೆ? ಒಬ್ಬಳಾದರೆ ಎಲ್ಲಿಯಾದರೂ ಸಿಗುತ್ತದೆ. ಒಂದೂವರೆ, ಎರಡೂವರೆ, ಸ್ವಲ್ಪ ದೂರ ಹೋದರೆ.

ಮಾತು ಕೊಟ್ಟಾಗ ನಾನು ಸುಳ್ಳು ಹೇಳಲಿಲ್ಲ. ಆಗ ಅದು ನಿಜವೇ ಆಗಿತ್ತು. ಅಷ್ಟನ್ನಾದರೂ ನಂಬು.

ದಯವಿಟ್ಟು ಒಂದನೇ ತಾರೀಕು ಬರಬೇಡ. ಆ ದಿನ ಕರೀನ್ ಸಾಮಾನು ತರುತ್ತಾಳೆ. ಅವಳಿಗೆ ಈ ಸ್ಥಿತಿಯಲ್ಲಿ ಗಾಬರಿಯಾಗಬಾರದು.

ಜಿನೆಟ್


ಸ್ಯಾಂ-ದೊಮಿನೀಕ್ ಬೀದಿ, ಎರಡನೇ ಮಹಡಿ
1 ಜುಲೈ 2001, ಮಧ್ಯಾಹ್ನ

ಜಿನೆಟ್,

ವಿಳಾಸ ನೋಡಿ ಗಾಬರಿಯಾಗಬೇಡ. ಅಡುಗೆಮನೆಯಲ್ಲಿ ಕುಳಿತಿದ್ದೇನೆ. ಮೇಜು ನನ್ನದೇ. ಹಳದಿ ಬಣ್ಣ ನಾನು ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಕಾಗದವನ್ನು ನಿನ್ನ ಕಿರಾಣಿ ಪಟ್ಟಿಯ ಪುಸ್ತಕದಿಂದ ಹರಿದುಕೊಂಡೆ.

ಗಲಾಟೆ ಮಾಡಲು ಬಂದವಳಲ್ಲ. ನಿನ್ನ ಎದುರು ನಿಂತು ಒಂದು ಸಲ ಕೇಳಬೇಕೆಂದು ಬಂದೆ. ಒಂದು ವೇಳೆ ನೀನು ತಲೆ ತಗ್ಗಿಸಿದರೆ ಸಾಕು, ಹೊರಟುಹೋಗುತ್ತಿದ್ದೆನೇನೋ. ನೀನು ಇರಲಿಲ್ಲ. ತಲೆನೋವೆಂದು ಲವಾಲ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೀಯಂತೆ. ಮಗಳು ಸಾಮಾನು ತರುವ ದಿನವೇ.

ಬೀದಿ ಎಂದಿನ ಹಾಗೆ. ಹಾಸಿಗೆಗಳು, ಫ್ರಿಜ್ಜುಗಳು, ಬೇಡವಾದ ಸೋಫಾಗಳು ಕಾಲುದಾರಿಯ ಮೇಲೆ. ಹಿಂಬದಿ ತೆರೆದುಕೊಂಡು ನಿಂತ ಲಾರಿಗಳು. ನಾನು ಎದುರು ಬದಿಯಲ್ಲಿ ನಿಂತು ನನ್ನ ಕಿಟಕಿ ನೋಡುತ್ತಿದ್ದೆ. ಆಗ ಒಬ್ಬಳು ಬಸುರಿ ಹೊಟ್ಟೆಯ ಮೇಲೆ ಕೋಣೆಯ ನಿಲುದೀಪ ಒರಗಿಸಿಕೊಂಡು ಕೂಗಿದಳು.

"ಮೇಡಂ, ಸುಮ್ನೆ ನಿಂತಿದೀರಲ್ಲ, ಇದನ್ನ ಸ್ವಲ್ಪ ಹಿಡ್ಕೋತೀರಾ? ನಮ್ಮವನಿಗೆ ಕೈ ಎರಡೇ, ಬಾಯಿ ಮಾತ್ರ ನಾಲ್ಕು."

"ಕೇಳಿಸ್ತು!" ಎಂದು ಮೆಟ್ಟಿಲ ಮೇಲಿಂದ ಒಂದು ದನಿ.

"ಕೇಳಿಸ್ಲಿ ಅಂತಾನೇ ಹೇಳಿದ್ದು!"

ನಿನ್ನ ಪರ್ಸಿನಲ್ಲಿದ್ದ ಶಾಲೆಯ ಫೋಟೋದ ಮುಖವೇ, ಕರೀನ್. ದೀಪ ಹಿಡಿದುಕೊಂಡು ನನ್ನ ಮೆಟ್ಟಿಲು ಹತ್ತಿದೆ. ಆಮೇಲೆ ಕೆಳಗಿಳಿದು ಪಾತ್ರೆಯ ಪೆಟ್ಟಿಗೆ ತಂದೆ. ಆಮೇಲೆ ತೊಟ್ಟಿಲು, ಅವಳ ಗಂಡ ಸ್ಟೆಫಾನ್ ಒಂದು ಕಡೆ, ನಾನು ಇನ್ನೊಂದು ಕಡೆ. ಒಟ್ಟು ಎಂಟು ಸಲ ಹತ್ತಿ ಇಳಿದೆ. ನಿನ್ನ ಮಗಳ ಸಂಸಾರವನ್ನು ನನ್ನ ಮನೆಗೆ ನಾನೇ ಹೊತ್ತು ತಂದೆ.

ತೊಟ್ಟಿಲು ಎಲ್ಲಿಡುವುದು ಎಂದು ಅವಳು ಕೇಳಿದಳು. ಹಿಂದಿನ ಕೋಣೆಯಲ್ಲಿ, ಮುಂದೆ ಇಟ್ಟರೆ ಬೆಳಗ್ಗೆ ಐದಕ್ಕೆ ಮೀನಿನ ಲಾರಿ ಬಂದು ಎಬ್ಬಿಸುತ್ತದೆ ಎಂದೆ. "ನಿಮಗೆ ಹೇಗೆ ಗೊತ್ತು?" ಎಂದಳು. ಇದೇ ಬೀದಿಯಲ್ಲಿ ಇದ್ದೆ ಎಂದೆ. ನಾನೂ ಕೇಳಿದೆ, ಮೊದಲು ಈ ಮನೆಯಲ್ಲಿ ಯಾರಿದ್ದರು ಎಂದು.

"ಒಬ್ರು ಟೈಲರ್. ಅಮ್ಮನ ಗೆಳತಿ. ಪಾಪ, ತೀರ್‌ಹೋದ್ರು."

"ಏನಾಗಿತ್ತು?"

"ಸೊಂಟ ಮುರೀತಂತೆ, ಆಮೇಲೆ ಏಳ್ಲೇ ಇಲ್ಲ. ಹಿಂದೆ ಮುಂದೆ ಯಾರೂ ಇರ್ಲಿಲ್ಲ. ಕೊನೇ ತಿಂಗಳೆಲ್ಲ ಅಮ್ಮನೇ ಸ್ನಾನ ಮಾಡಿಸಿ ಊಟ ಮಾಡಿಸಿ ನೋಡ್ಕೊಂಡಿದ್ದು. ಅದಕ್ಕೇ ಮನೆ ಅಮ್ಮನ ಹೆಸರಿಗೆ ಬರೆದು ಹೋದ್ರು. ಎಂಥಾ ಮನಸ್ಸು ನೋಡಿ."

ಆ ಕೊನೆಯ ಮಾತು ಅವಳು ಹೇಳಿದ್ದು ನನ್ನ ಬಗ್ಗೆಯೋ ನಿನ್ನ ಬಗ್ಗೆಯೋ ತಿಳಿಯಲಿಲ್ಲ. ಕೇಳಲಿಲ್ಲ.

ಜಿನೆಟ್, ಮನೆ ತೆಗೆದುಕೊಂಡದ್ದನ್ನು ನಾನು ಅರ್ಥ ಮಾಡಿಕೊಳ್ಳಲು ಪ್ರಯತ್ನಿಸಿದ್ದೆ. ಬಸ್ಸಿನಲ್ಲಿ ಇಡೀ ದಾರಿ ನಿನ್ನ ಪರವಾಗಿ ನಾನೇ ವಾದಿಸಿಕೊಂಡು ಬಂದೆ. ಬಸುರಿ ಮಗಳು, ಇಲ್ಲದ ಮನೆಗಳು, ಬೆನುವಾ. ನಾನಾದರೂ ಹಾಗೆಯೇ ಮಾಡುತ್ತಿದ್ದೆನೇನೋ ಎಂಬಲ್ಲಿಯವರೆಗೂ ತಲುಪಿದ್ದೆ. ಆದರೆ ನೀನು ನನ್ನ ಅಕ್ಕನ ಸೊಂಟವನ್ನು ನನಗೆ ಜೋಡಿಸಿ, ನನ್ನನ್ನು ಮಲಗಿಸಿ, ಮೈ ತೊಳೆದು, ಊಟ ಮಾಡಿಸಿ, ಸಾಯಿಸಿದ್ದೀಯ. ಅದಕ್ಕೆ ನನ್ನಲ್ಲಿ ಯಾವ ವಾದವೂ ಇಲ್ಲ. ಮಗಳ ಕಣ್ಣಿನಲ್ಲಿ ಒಳ್ಳೆಯವಳಾಗಬೇಕಿತ್ತು ನಿನಗೆ, ಬರಿಯ ಮನೆ ಸಾಕಾಗಲಿಲ್ಲ.

ಲಾರಿಯನ್ನು ನಾಲ್ಕು ಗಂಟೆಗೆ ವಾಪಸ್ ಕೊಡಬೇಕಂತೆ. ಅದು ಕರೀನ್ ಹೆಸರಿನಲ್ಲಿದ್ದುದರಿಂದ ಅವಳೂ ಹೋಗಬೇಕಿತ್ತು. ಬೀಗದ ಕೈ ಯಾವ ಪೆಟ್ಟಿಗೆಯಲ್ಲಿದೆಯೋ ಸಿಗಲಿಲ್ಲ. "ಅರ್ಧ ಗಂಟೆ ಮನೆ ನೋಡ್ಕೋತೀರಾ ಮೇಡಂ? ಬರುವಾಗ ಪಿಜ್ಜಾ ತರ್ತೀವಿ, ನೀವು ತಿಂದೇ ಹೋಗ್ಬೇಕು" ಎಂದಳು. ದಾರಿಯಲ್ಲಿ ಸಿಕ್ಕವಳನ್ನು ಅವಳು ಹಾಗೆ ನಂಬಿದಳು. ನಿನ್ನಿಂದ ಕಲಿತದ್ದಲ್ಲ, ಖಂಡಿತ.

ಅವರು ಹೋದ ಮೇಲೆ ಒಂದೊಂದೇ ಕೋಣೆಗೆ ಹೋಗಿ ಬಂದೆ. ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತುಬಿಡಲೇ ಎಂದು ಅನ್ನಿಸದೆ ಇರಲಿಲ್ಲ. ಚಿಲಕದ ಮೇಲೆ ಕೈಯನ್ನೂ ಇಟ್ಟೆ. ಆಮೇಲೆ ಆ ಹುಡುಗಿ ಬಿಸಿ ಪಿಜ್ಜಾ ಹಿಡಿದು ಹೊರಗೆ ಬಾಗಿಲು ತಟ್ಟುವುದು ಕಣ್ಣ ಮುಂದೆ ಬಂತು. ಕೈ ತೆಗೆದೆ.

ಅಂಗಡಿಯ ಯಜಮಾನಿ ಹಿಂದಿನ ಕೋಣೆಯಲ್ಲಿ, ಮದುವೆಯ ನಿಲುವಂಗಿಗಳ ಮಧ್ಯೆ, ಒಂದು ವಾರ ಮಲಗಲು ಬಿಟ್ಟಿದ್ದಾಳೆ. ಅದಾದ ಮೇಲೆ ಎಲ್ಲಿಗೆ ಎಂದು ಗೊತ್ತಿಲ್ಲ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನೂ ಮೆಟ್ಟಿಲ ಸಾಲಿನಲ್ಲಿ ನಿಲ್ಲುತ್ತೇನೆ. ನಿನಗೆ ಉತ್ತರ ಬರೆಯುವ ತೊಂದರೆ ಬೇಡ, ವಿಳಾಸ ಕೊಡುತ್ತಿಲ್ಲ.

ಲಾರಿಯ ಜಾಗದಲ್ಲಿ ಈಗ ಅವರ ಸಣ್ಣ ಕಾರು ಬಂದು ನಿಂತಿತು. ಕರೀನ್ ಮೆಟ್ಟಿಲು ಹತ್ತುವಾಗ ನಡುನಡುವೆ ನಿಲ್ಲುತ್ತಾಳೆ, ಹಾಗಾಗಿ ಎರಡು ನಿಮಿಷ ಇದೆ. ಹಿಂದಿನ ಮೆಟ್ಟಿಲಿನಿಂದ ಇಳಿದು ಹೋಗುತ್ತೇನೆ.

ಈ ಕಾಗದಕ್ಕೆ ಲಕೋಟೆ ಹುಡುಕಿದೆ. ಮೇಲಿನ ಖಾನೆಯಲ್ಲಿ ಒಂದು ಕಟ್ಟೇ ಸಿಕ್ಕಿತು. ಅಲ್ಲೇ ಬಿಟ್ಟೆ. ಮಡಚುವುದೂ ಇಲ್ಲ. ಮೇಜಿನ ಮಧ್ಯದಲ್ಲಿ ಹರಡಿ, ಮೇಲೆ ಉಪ್ಪಿನ ಡಬ್ಬಿ ಇಟ್ಟು ಹೋಗುತ್ತೇನೆ. ನೀನು ಲವಾಲ್‌ನಿಂದ ಬರುವುದು ನಾಳೆಯಂತೆ.

ಒಡೆಟ್ ಕೊರ್ಮಿಯೆ
ಟೈಲರ್